ಹತ್ತೋದು ನಡ್ಕೊಂಡು, ಇಳಿಯೋದು ಬಸ್ಸಲ್ಲಿ

ಭಾನುವಾರ ಬೆಳಿಗ್ಗೆ ಆರಕ್ಕೆ ಚಾಮುಂಡಿಬೆಟ್ಟದ ಪಾದಕ್ಕೆ ಹೋಗಿ ನೋಡಿ. ಸ್ಮಾರ್ಟ್‌ವಾಚ್ ಕಟ್ಟಿಕೊಂಡ ನಮ್ಮ ವಯಸ್ಸಿನವರು ಐವತ್ತು ಮೆಟ್ಟಿಲಿಗೇ ಏದುಸಿರು ಬಿಡ್ತಾ ನಿಂತಿರ್ತಾರೆ. ಮಂಕಿ ಕ್ಯಾಪ್ ಹಾಕ್ಕೊಂಡ ಹಿರಿಯರು ಪಕ್ಕದಲ್ಲೇ ಮಾತಾಡಿಕೊಂಡು ಹತ್ತಿ ಹೋಗ್ತಾರೆ. ಸಾವಿರ ಮೆಟ್ಟಿಲಿನ ಈ ದಾರಿ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಮಾಡಿಸಿದ್ದು. ಹಳೇ ಕಲ್ಲು, ಒಂದು ಮೆಟ್ಟಿಲು ಗಿಡ್ಡ, ಇನ್ನೊಂದು ಎತ್ತರ.

ಆ ಹಿರಿಯರಲ್ಲಿ ನಮ್ಮಪ್ಪನೂ ಒಬ್ಬರು. ವಯಸ್ಸು 67. ಕಳೆದ ವರ್ಷ ಮಂಡಿಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು ಶುರುವಾಯ್ತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜೀವ ಹೋಗೋದು. ‘ವಯಸ್ಸಾಯ್ತಲ್ಲ, ಬೆಟ್ಟ ಸಾಕು ಬಿಡಿ’ ಅಂತ ಮನೆಗೆ ಬಂದವರೆಲ್ಲ ಹೇಳಿದ್ರು. ಅಪ್ಪ ಮಾತೇ ಆಡಲಿಲ್ಲ. ಅವರ ಸ್ನೇಹಿತರೆಲ್ಲ ಸಿಗೋದು ಆ ಮೆಟ್ಟಿಲ ಮೇಲೇ.

ಡಾಕ್ಟರು ಪರೀಕ್ಷೆ ಮಾಡಿ, ಇದು ಕೀಲು ಸವೆತ ಅಲ್ಲ, ಟೆಂಡನ್ ತೊಂದರೆ ಅಂದ್ರು. ಟೆಂಡನ್ ಅಂದ್ರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಹಗ್ಗದಂಥ ನಾರು. ಅದಕ್ಕೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಚೇತರಿಕೆ ನಿಧಾನ. ಆದರೆ ಪೂರ್ತಿ ಕೂತರೆ ಇನ್ನೂ ಬಲ ಕಳ್ಕೊಳ್ಳುತ್ತೆ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕಿನ ಥರ ಕೆಲಸ ಮಾಡಬೇಕು. ಹೆಜ್ಜೆ ಹೆಜ್ಜೆಗೂ ಮೈಭಾರವೆಲ್ಲ ಮಡಚಿದ ಒಂದೇ ಮಂಡಿ ಮೇಲೆ. ನೋವು ಅಲ್ಲೇ ಏಳೋದು.

ಫಿಸಿಯೋಥೆರಪಿಸ್ಟ್ ಬೆಟ್ಟಕ್ಕೆ ಕೆಲವು ತಿಂಗಳು ರಜೆ ಕೊಟ್ಟು, ಕುಕ್ಕರಹಳ್ಳಿ ಕೆರೆಗೆ ಕಳಿಸಿದ್ರು. ಕೆರೆ ಏರಿ ಸಮತಟ್ಟು, ಮರದ ನೆರಳು, ಪೆಲಿಕನ್‌ಗಳು. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಅರ್ಧ ಕೂತ ಹಾಗೆ 45 ಸೆಕೆಂಡು, ದಿನಾ ಐದು ಸಲ. ಅದು ಹಗುರಾದ ಮೇಲೆ ಒಂದು ಗಿಡ್ಡ ಮೆಟ್ಟಿಲು ನಿಧಾನಕ್ಕೆ ಹತ್ತಿ ಇಳಿಯೋದು. ಲೆಕ್ಕ ಸುಲಭ: ನೋವು ಹತ್ತಕ್ಕೆ ಮೂರರೊಳಗಿದ್ದು, ಮಾರನೇ ಬೆಳಿಗ್ಗೆ ಹೆಚ್ಚಾಗಿಲ್ಲ ಅಂದ್ರೆ ಸರಿ. ಹೆಚ್ಚಾದರೆ ಒಂದು ಹಂತ ಹಿಂದಕ್ಕೆ.

ಆಷಾಢದ ಹೊತ್ತಿಗೆ ಅಪ್ಪ ಮತ್ತೆ ಬೆಟ್ಟದ ಪಾದದಲ್ಲಿದ್ರು. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ-ಕುಂಕುಮ ಹಚ್ಚುತ್ತಾ ಹತ್ತುತ್ತಿದ್ರು. ಅಪ್ಪನ ಹೊಸ ವೇಗಕ್ಕೆ ಸರಿಯಾದ ಜೊತೆ! ನಂದಿಯ ಹತ್ತಿರ ಹತ್ತು ನಿಮಿಷ ಕೂತರು. ಒಂದೇ ಬಂಡೆಯಲ್ಲಿ ಕಡೆದ ಆ ನಂದಿ ಕಾಲು ಮಡಚಿ ಮಲಗಿರೋದನ್ನ ನೋಡಿ, ‘ಇವನ ಮಂಡಿಗೆ ಮಾತ್ರ ಏನೂ ಆಗಲ್ಲ ನೋಡಮ್ಮ’ ಅಂದ್ರು. ತುದಿ ಮುಟ್ಟಿ, ದರ್ಶನ ಮುಗಿಸಿ, ನೇರ ಬಸ್ ಸ್ಟಾಪಿಗೆ. ‘ಏನ್ ಸಾರ್, ಬಸ್ಸಾ?’ ಅಂತ ಸ್ನೇಹಿತರು ಕಾಲೆಳೆದ್ರು. ಮೂರನೇ ವಾರಕ್ಕೆ ಅವರಲ್ಲೇ ಇಬ್ಬರು ಅದೇ ಬಸ್ಸಲ್ಲಿ ಸೀಟು ಹಿಡಿದಿದ್ರು.

ಎಲ್ಲ ಮಂಡಿನೋವೂ ಇದೇ ಅಲ್ಲ. ಊತ, ಮಂಡಿ ಲಾಕ್ ಆಗೋದು, ರಾತ್ರಿ ನೋವು ಇದ್ರೆ ವ್ಯಾಯಾಮಕ್ಕೆ ಮೊದಲು ಡಾಕ್ಟರು. ಟಕ್ ಅಂದು ಕಾಲು ನೆಟ್ಟಗೆ ಮಾಡೋಕೇ ಆಗದಿದ್ರೆ ಅವತ್ತೇ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಟೆಂಡನ್ ವಾಸಿಯಾಗೋದು ಇನ್ನೂ ನಿಧಾನ.

ಈ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನಿಗೆ ‘ಬೆಟ್ಟ ಬಿಡಿ’ ಅನ್ನೋ ಮೊದಲು ಒಂದು ಪ್ರಶ್ನೆ ಕೇಳಿ: ನೋಯೋದು ಹತ್ತುವಾಗಲೋ, ಇಳಿಯುವಾಗಲೋ? ಇಳಿಯುವಾಗ ಅಂದ್ರೆ, ಮೇಲಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಬಸ್ಸು ಇದ್ದೇ ಇದೆ.