ಮಾಳಗಿ ಮ್ಯಾಲಿಂದ ಕೇಳಿದ ಗಾಡಿಗಳು

ಬ್ಯಾಸಗಿ ಬಂತೆಂದರೆ ಗುಲಬರ್ಗಾದ ರೋಜಾದಲ್ಲಿ ನಮ್ಮ ಓಣಿಯ ಹುಡುಗರೆಲ್ಲ ಮಾಳಗಿ ಮ್ಯಾಲೇ ಮಲಗುವುದು. ಹಗಲೆಲ್ಲ ಕಾದ ನೆಲಕ್ಕೆ ಸಂಜಿಮುಂದ ನಾಲ್ಕು ಕೊಡ ನೀರು ಹೊಡೆದಾಗ ಏಳುವ ಮಣ್ಣಿನ ವಾಸನೆ, ಕೆಳಗೆ ಆಯಿ ರೊಟ್ಟಿ ಬಡಿಯುವ ಸಪ್ಪಳ, ಬಂದೇ ನವಾಜರ ದರ್ಗಾದ ಕಡೆಯಿಂದ ಗಾಳಿ ಬೀಸಿದಾಗೊಮ್ಮೆ ತೇಲಿಬರುವ ಲೋಬಾನ, ಇವುಗಳ ನಡುವೆ ಕೌದಿ ಹಾಸಿ ಸಾಲಾಗಿ ಅಡ್ಡಾದ ನಾವು ಏಳೆಂಟು ಮಂದಿ ಕಣ್ಣು ಮುಚ್ಚಿಕೊಂಡು, ತಿರುವಿನಲ್ಲಿ ಬರುವ ಗಾಡಿ ಯಾರದೆಂದು ಹೇಳುವ ಆಟ ಆಡುತ್ತಿದ್ದೆವು. ಹೊಟ್ಟೆಯೊಳಗಿಂದ ಗುಡುಗುಡು ಮಾತಾಡುತ್ತ ಬಂದರೆ ಕಾಕಾನ ಅಂಬಾಸಿಡರ್. ಹೊಲಿಗಿ ಮಿಶಿನ್ನಿನ ಹಾಂಗ ಸಣ್ಣಗೆ ಟಕಟಕ ಎಂದರೆ ಅತ್ತರ ಅಂಗಡಿ ಚಾಚಾನ ಫಿಯಾಟ್. ಮೈಯೆಲ್ಲ ತಗಡು ಕುಣಿಸುತ್ತ ಬಂದರೆ ಗುತ್ತೇದಾರರ ಜೀಪು. ಸೋತವನು ಮರುದಿನ ಅಂಬಾಸಿಡರ್ ತೊಳೆಯಲು ನೀರು ಹೊರಬೇಕಿತ್ತು. ಯಾರೂ ಸೋಲುತ್ತಿರಲಿಲ್ಲವಾಗಿ ಎಲ್ಲರೂ ಕೂಡಿಯೇ ಹೊರುತ್ತಿದ್ದೆವು.

ಆ ಅಂಬಾಸಿಡರ್‌ನಲ್ಲಿ ಕಮಲಾಪುರಕ್ಕೆ ಹೋಗುವುದೆಂದರೆ ಜಾತ್ರಿಗೆ ಹೊರಟಷ್ಟೇ ಸಂಭ್ರಮ. ಮುತ್ಯಾನ ಬಾಳಿತ್ವಾಟ ಅಲ್ಲಿತ್ತು. ನಸುಕಿನಲ್ಲೇ ಎದ್ದು, ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿಯ ಬುತ್ತಿಯನ್ನು ಹಳೆ ಧೋತರದಲ್ಲಿ ಬಿಗಿದು, ಗೇರು ಸ್ಟೇರಿಂಗಿನ ಮಗ್ಗುಲಲ್ಲೇ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಕಾಕಾನ ಜೊತೆ ಇನ್ನೂ ಮೂವರು, ಹಿಂದೆ ಹೆಣ್ಣುಮಕ್ಕಳು, ಅವರ ತೊಡೆಯ ಮೇಲೆ ಕೂಸುಗಳು, ಕೂಸುಗಳ ಕೈಯಲ್ಲಿ ಬೆಲ್ಲದ ಚೂರು, ಹೀಗೆ ಹೊರಟ ಗಾಡಿ ಹುಮನಾಬಾದ್ ರಸ್ತೆ ಹಿಡಿದು, ತೊಗರಿ ಹೊಲಗಳ ನಡುವೆ ಸಾಗಿ ಮಹಾಗಾಂವ ಕ್ರಾಸಿಗೆ ಬಂತೆಂದರೆ ಬಾನೆಟ್ ತೆಗೆದು ನಿಲ್ಲುತ್ತಿತ್ತು. ಕಾಕಾ ಕೈಗೆ ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಿದಾಗ ಬುಸ್ ಎಂದು ಆವಿ ಏಳುವುದನ್ನು ನೋಡಲು ನಾವು ದೂರ ನಿಂತು ಕಾಯುತ್ತಿದ್ದೆವು. “ಅದಕ್ಕೂ ನೀರಡಿಕಿ ಆಗ್ಯಾದ, ಕುಡೀಲಿ ಬಿಡ್ರಿ” ಎಂದು ಆಯಿ ತನ್ನ ಚಂಬನ್ನೇ ಕೊಡುತ್ತಿದ್ದಳು. ಬರುವಾಗ ಡಿಕ್ಕಿಯ ತುಂಬ ಕೆಂಪು ಬಾಳಿಗೊನಿ. ಆ ಹಣ್ಣಿನ ವಾಸನೆ, ಕಾದ ರೆಕ್ಸಿನ್, ಪೆಟ್ರೋಲು ಎಲ್ಲ ಬೆರೆತು ನಾಗರಪಂಚಮಿಯವರೆಗೂ ಗಾಡಿಯೊಳಗೆ ನಿಲ್ಲುತ್ತಿತ್ತು.

ಚಾಚಾನ ಫಿಯಾಟಿಗೆ ಬೇರೆಯದೇ ವಾಸನೆ. ಅದರ ಬಾಗಿಲು ತೆಗೆದರೆ ಸಾಕು, ಕೇವಡಾ, ಗುಲಾಬಿ, ಹೀನಾ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಉರುಸಿನ ದಿನಗಳಲ್ಲಿ ಆ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದವನ ಅಂಗಿಯನ್ನು ಅವ್ವ ಎರಡು ದಿನ ಒಗೆಯುತ್ತಿರಲಿಲ್ಲ.

ಹಾಗೆ ನೋಡಿದರೆ ಅವೆರಡೂ ಪರದೇಶದಿಂದ ಬಂದವೇ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚು, ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. ಚಾಚಾನ ಫಿಯಾಟ್, ಅಂದರೆ ಪದ್ಮಿನಿ, ಇಟಲಿಯ ಫಿಯಾಟ್ 1100ರ ಅಚ್ಚು, ಮುಂಬಯಿಯ ಕುರ್ಲಾದಲ್ಲಿ. ಆದರೆ ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಮಿಸ್ತ್ರಿಗಳ ಕೈ ತಗುಲಿ ಒಂದೊಂದು ಗಾಡಿಗೆ ಒಂದೊಂದು ಸ್ವಭಾವ ಬಂದಿತ್ತು. ಓಣಿಯಲ್ಲಿ ಮೂರು ಅಂಬಾಸಿಡರ್ ಇದ್ದರೆ ಮೂರರ ಕೆಮ್ಮೂ ಬೇರೆ. ಮಿಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟು, ತಲೆ ವಾರೆ ಮಾಡಿ ಕೇಳಿ, “ಇದಕ್ಕ ಎದಿ ಕಟ್ಟ್ಯಾದ” ಎನ್ನುತ್ತಿದ್ದ, ವೈದ್ಯನ ಹಾಂಗ.

ಚಾಚಾ ತೀರಿಕೊಂಡ ಮೇಲೆ ಫಿಯಾಟ್ ಅಂಗಳದಲ್ಲೇ ನಿಂತಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ನವೆಂಬರ್ 1ಕ್ಕೆ ಗುಲಬರ್ಗಾ ಎಂಬ ಹೆಸರೂ ಹೋಗಿ ನಮ್ಮೂರು ಕಲಬುರಗಿ ಆಯಿತು. ಕಾಕಾನ ಗಾಡಿಯನ್ನು ಗುಜರಿಯವ ತೂಕದ ಲೆಕ್ಕದಲ್ಲಿ ಒಯ್ದ ದಿನ ಆಯಿ ಮಧ್ಯಾಹ್ನ ಉಣ್ಣಲಿಲ್ಲ.

ಈಗ ಓಣಿಯ ತುಂಬ ಗಾಡಿಗಳು, ಒಂದಕ್ಕಿಂತ ಒಂದು ಛಲೋ. ಮಹಾಗಾಂವ ಕ್ರಾಸಿನಲ್ಲಿ ಯಾವುದಕ್ಕೂ ನೀರಡಿಕೆಯಾಗುವುದಿಲ್ಲ. ಆದರೆ ಹೊಸ ಗಾಡಿಯ ಅಡಿಪಾಯ ಕಟ್ಟುವ ಖರ್ಚು ಭಾರಿಯಾದ್ದರಿಂದ ಕಂಪನಿಗಳು ಅಡಿಗಟ್ಟು, ಎಂಜಿನ್, ಎಷ್ಟೋ ಸಲ ಇಡೀ ಮೈಯನ್ನೇ ಹಂಚಿಕೊಳ್ಳುತ್ತವೆ. ಮಾರುತಿಯ ಬಲೆನೊ 2019ರಲ್ಲಿ ಟೊಯೊಟಾದ ಗುರುತು ಹಚ್ಚಿಕೊಂಡು ಗ್ಲಾಂಜಾ ಆಯಿತು. 2022ರಲ್ಲಿ ಬಂದ ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಹೈರೈಡರ್ ಎರಡೂ ನಮ್ಮ ಬಿಡದಿಯ ಒಂದೇ ಕಾರ್ಖಾನೆಯ ಕೂಸುಗಳು. ಸ್ಕೋಡಾದ ಕುಶಾಕ್, ಫೋಕ್ಸ್‌ವ್ಯಾಗನ್ನಿನ ಟೈಗುನ್ ಕೂಡ ಒಂದೇ ಎಲುಬಿನವು. ಲೆಕ್ಕಕ್ಕೆ ಅದು ಸರಿಯೇ ಇದ್ದೀತು. ನನ್ನ ಕಿವಿ ಮಾತ್ರ ಒಪ್ಪುವುದಿಲ್ಲ.

ಹೋದ ವರ್ಷ ಕಮಲಾಪುರದಲ್ಲಿ ಮದುವಿ. ಚಪ್ಪರದ ಮುಂದೆ ನನ್ನ ಬಿಳಿ ಬಲೆನೊ, ಅದರ ಮಗ್ಗುಲಿಗೆ ಬೀಗರ ಬಿಳಿ ಗ್ಲಾಂಜಾ. ಊಟ ಮುಗಿಸಿ ಅವ್ವ ಸೀದಾ ಹೋಗಿ ಬೀಗರ ಗಾಡಿಯೊಳಗೆ ಕೂತುಬಿಟ್ಟಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅದೇ ಸೀಟು, ಅದೇ ಗುಂಡಿಗಳು, ಕಿಸೆಯಲ್ಲಿ ಕೈ ಹಾಕಿ ಕೀಲಿ ಹುಡುಕುವಾಗಷ್ಟೇ ಸ್ಟೇರಿಂಗಿನ ನಡುವಿನ ಗುರುತು ಕಣ್ಣಿಗೆ ಬಿತ್ತು. “ಇದು ನಮ್ಮದಲ್ಲವ್ವಾ” ಎಂದೆ. ಅವ್ವ ಇಳಿಯಲಿಲ್ಲ, ಒಂದು ಗಳಿಗೆ ಸುಮ್ಮನೆ ಕೂತು ಕೇಳಿದಳು, “ಮತ್ತ ನಮ್ಮದು ಅಂತ ಹ್ಯಾಂಗ ಗೊತ್ತಾಗಬೇಕೋ ತಮ್ಮಾ? ವಾಸನಿ ಸುದ್ದಾ ಒಂದೇ ಅದ.”

ರೋಜಾದಲ್ಲಾಗಲಿ ಕಮಲಾಪುರದಲ್ಲಾಗಲಿ, ನಿಮ್ಮ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ನಿಂತ ಅಂಬಾಸಿಡರ್‌ ಇನ್ನೂ ಇದ್ದರೆ, ಗುಜರಿಯವನಿಗೆ ಹೇಳಿಕಳಿಸುವ ಮೊದಲು ಒಂದು ಸಂಜಿ ಅದನ್ನು ಚಾಲೂ ಮಾಡಿಸಿರಿ, ಮನೆಯ ಹುಡುಗರನ್ನು ಮಾಳಗಿ ಮ್ಯಾಲ ಕೂಡಿಸಿ ಕೇಳಿಸಿರಿ.