ಮಲಗಿದ ಬಳ್ಳಿ

ಕಳೆದ ಏಪ್ರಿಲ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯಪುರದಿಂದ ದೂರವಾಣಿ ಮಾಡಿದ್ದ. ಬ್ಯಾಂಕ್ ನೌಕರಿಯಲ್ಲಿ ಅಲ್ಲಿಗೆ ವರ್ಗವಾಗಿ ಹೋಗಿದ್ದಾನೆ. “ಸರ್, ಇಷ್ಟು ಬಿಸಿಲಿನಲ್ಲಿ ದ್ರಾಕ್ಷಿ ಬಳ್ಳಿಗಳನ್ನು ಕತ್ತರಿಸಿ ಬೋಳು ಮಾಡಿದ್ದಾರೆ. ಸಾಯುವುದಿಲ್ಲವೇ?” ಎಂಬುದು ಅವನ ಪ್ರಶ್ನೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತಿರುತ್ತಿದ್ದ ಹುಡುಗ ಮೂವತ್ತು ವರ್ಷಗಳ ಮೇಲೆ ಕೇಳಿದ ಮೊದಲ ಪ್ರಶ್ನೆ ಅದು.

ಸಾಯುವುದಿಲ್ಲವೆಂದು ಹೇಳಿದೆ. ಆ ಕಡೆಯವರು ಅದಕ್ಕೆ ಏಪ್ರಿಲ್ ಚಾಟ್ನಿ ಎನ್ನುತ್ತಾರೆ. ಕತ್ತರಿಸಿದ ಮೇಲೆ ಹೊಸ ಕಡ್ಡಿಗಳು ಹೊರಡುತ್ತವೆ. ಬೇಸಿಗೆಯ ಬೆಳಕೂ ಶಾಖವೂ ಸಿಕ್ಕಿದರೆ ಆ ಕಡ್ಡಿಯ ಕಣ್ಣುಗಳ ಒಳಗೇ ಮುಂದಿನ ಗೊನೆ ರೂಪುಗೊಳ್ಳುತ್ತದೆ. ಅಕ್ಟೋಬರಿನಲ್ಲಿ ಮತ್ತೊಮ್ಮೆ ಚಾಟ್ನಿ ಮಾಡಿದಾಗ ಅದು ಹೊರಬರುತ್ತದೆ. ಬಿಸಿಲು ಅಲ್ಲಿ ಶತ್ರುವಲ್ಲ, ಬೇರಿಗೆ ನೀರಿದ್ದರೆ ಸಾಕು.

ಅವನಿಗೆ ಉತ್ತರ ಹೇಳಿ ಮುಗಿಸಿದ ಮೇಲೆ ನನ್ನದೇ ತಪ್ಪೊಂದು ನೆನಪಿಗೆ ಬಂದಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯವರಾದ ನಮಗೆ ಬಳ್ಳಿಯೆಂದರೆ ಅಡಿಕೆ ಮರವನ್ನು ಅಪ್ಪಿ ಬೆಳೆಯುವ ಕಾಳುಮೆಣಸು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ತೋಟಗಳನ್ನು ಕಂಡು ಬರೆದಿದ್ದಾನೆ. ಬೇಸಿಗೆಯಲ್ಲಿ ಈ ಬಳ್ಳಿ ಬೆಳವಣಿಗೆಯನ್ನು ನಿಲ್ಲಿಸಿ ಒಂದು ಬಗೆಯ ವಿಶ್ರಾಂತಿಯಲ್ಲಿರುತ್ತದೆ. ಜೂನ್ ತಿಂಗಳ ಮಳೆ ಬಿದ್ದೊಡನೆ ಎಳೆ ಚಿಗುರಿನೊಂದಿಗೆ ಕರೆಗಳು ಇಳಿಯುತ್ತವೆ. ಕರೆಯ ಮೇಲೆ ಹರಿಯುವ ಮಳೆನೀರೇ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯಲು ನೆರವಾಗುತ್ತದೆ.

ನಮ್ಮ ಅಪ್ಪಯ್ಯ ಮಾರ್ಚ್ ಬರುವುದರೊಳಗೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತರಿಸಿ ಬುಡಗಳನ್ನು ಮುಚ್ಚಿಸುತ್ತಿದ್ದರು. ಎಳೆಯ ಬಳ್ಳಿಗಳಿಗೆ ಪಡುವಣ ಬಿಸಿಲು ತಾಗದಂತೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಬೆಳೆದ ಬಳ್ಳಿಯ ಎಲೆ ಜೋತುಬಿದ್ದಿದ್ದನ್ನು ಕಂಡು ನಾನು ಕೊಡ ಹಿಡಿದು ಹೊರಟರೆ, “ಬೇಸಗೇಲಿ ಬಳ್ಳಿ ಎಬ್ಸಡ ತಮಾ” ಎನ್ನುತ್ತಿದ್ದರು. ಎಬ್ಬಿಸಿದರೆ ಮಳೆ ಹಿಡಿಯುವವರೆಗೂ ತಪ್ಪದೆ ನೀರು ಕೊಡಬೇಕು, ನಮ್ಮ ಬಾವಿಯಲ್ಲಿ ಅಷ್ಟು ನೀರಿಲ್ಲ ಎಂಬುದು ಅವರ ಲೆಕ್ಕ. ಸಸ್ಯಶಾಸ್ತ್ರ ಓದಿ ಬಂದ ನನಗೆ ಅದು ಹಳೆಯ ಕಾಲದವರ ಹಟವಾಗಿ ಕಂಡಿತ್ತು.

2017ರಲ್ಲಿ ನಾನು ನಿವೃತ್ತನಾಗಿ ಊರಿಗೆ ಮರಳಿದೆ. ಮರುವರ್ಷದ ಮಳೆಗಾಲದಲ್ಲಿ ಅಪ್ಪಯ್ಯ ತೋಟದ ಪಡುವಣ ಅಂಚಿನಲ್ಲಿ ಹನ್ನೆರಡು ಮಲ್ಲಿಗೆಸರದ ಬಳ್ಳಿಗಳನ್ನು ತಮ್ಮ ಕೈಯಾರೆ ನೆಟ್ಟರು. ಆ ದೀಪಾವಳಿಗೆ ಅವರಿರಲಿಲ್ಲ.

2019ರ ಏಪ್ರಿಲ್‌ನಲ್ಲಿ ಹಳೆಯ ಬಳ್ಳಿಗಳು ಬಾಡಿದ್ದನ್ನು ನೋಡಲಾರದೆ ತುಂತುರು ನೀರಾವರಿ ಹಾಕಿಸಿದೆ. ಮೇ ತಿಂಗಳ ಆರಂಭದಲ್ಲೇ ಚಿಗುರು ಬಂತು, ಕರೆಗಳೂ ಇಳಿದವು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ. ಮೇ ಕೊನೆಗೆ ಬಾವಿಯ ತಳ ಕಂಡಿತು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ವಾರ ತಡವಾಗಿ. ನಮಗೆ ಇನ್ನೂ ತಡ. ಅಷ್ಟರಲ್ಲಿ ಕರೆಗಳು ಕಾಳು ಕಟ್ಟದೆ ಒಣಗಿ ಉದುರಿದ್ದವು. ನೀರು ಕಾಣದೆ ಮಲಗಿದ್ದ ನೆರೆಮನೆಯ ಬಳ್ಳಿಗಳು ಮಳೆ ಬಿದ್ದ ಮೇಲೆ ಎದ್ದು ಎಂದಿನಂತೆ ಫಲ ಕೊಟ್ಟವು.

ಆ ನಷ್ಟ ದೊಡ್ಡದಲ್ಲ, ಮರುವರ್ಷ ಬಳ್ಳಿಗಳು ಸುಧಾರಿಸಿದವು. ಆದರೆ ತುಂತುರು ನೀರಿನ ಸಂಭ್ರಮದಲ್ಲಿ ಪಡುವಣ ಅಂಚಿನ ಎಳೆಯ ಬಳ್ಳಿಗಳಿಗೆ ಸೋಗೆ ಕಟ್ಟುವುದನ್ನು ಮರೆತಿದ್ದೆ. ನೀರಿನ ಕೊಳವೆಯೂ ಅಲ್ಲಿಯವರೆಗೆ ತಲುಪಿರಲಿಲ್ಲ. ಅಪ್ಪಯ್ಯ ನೆಟ್ಟ ಹನ್ನೆರಡರಲ್ಲಿ ಉಳಿದದ್ದು ಎರಡು. ತಡೆದುಕೊಳ್ಳಬಲ್ಲವಕ್ಕೆ ನೀರೆರೆದು, ತಡೆದುಕೊಳ್ಳಲಾರದವನ್ನು ಬಿಸಿಲಿಗೆ ಬಿಟ್ಟಿದ್ದೆ.

ಮೂರು ದಶಕಗಳ ಮಾಸ್ತರಿಕೆಯಲ್ಲೂ ಹೀಗೆ ಮಾಡಿರಬಹುದೆಂದು ಆಗಾಗ ಅನ್ನಿಸುತ್ತದೆ. ಹೇಗಾದರೂ ಓದಿಕೊಳ್ಳುತ್ತಿದ್ದ ಮುಂದಿನ ಬೆಂಚಿನವರ ಹಿಂದೆ ಸದಾ ಬಿದ್ದಿದ್ದೆ. ಹಿಂದೆ ಕುಳಿತವರ ಹತ್ತಿರ ಎಷ್ಟು ಸಲ ಹೋಗಿದ್ದೆನೋ ನೆನಪಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಂಥವರಲ್ಲಿ ಕ್ಷಮೆ ಕೇಳುತ್ತೇನೆ.

ಉಳಿದ ಆ ಎರಡು ಬಳ್ಳಿಗಳು ಈಗ ಅಡಿಕೆ ಮರದ ಅರ್ಧ ಎತ್ತರಕ್ಕೇರಿವೆ. ಅವುಗಳ ಕುಡಿಯಿಂದಲೇ ಹೊಸ ಗಿಡ ಮಾಡಿ ಅದೇ ಅಂಚಿನಲ್ಲಿ ನೆಟ್ಟಿದ್ದೇನೆ, ಈ ಬಾರಿ ಸೋಗೆಯನ್ನು ನಾನೇ ಕಟ್ಟಿದೆ. ವಿಜಯಪುರದ ಹುಡುಗನಿಗೆ ಮಳೆಗಾಲದಲ್ಲಿ ಮನೆಗೆ ಬಾ ಎಂದು ಹೇಳಿದ್ದೇನೆ.