ಬಯಲುಸೀಮೆಯ ಕೆರೆಯಲ್ಲಿ ಬೆಳ್ಳಿ ಚಮಚ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂದರೆ ಕಡಲೆಕಾಯಿ ಹೊಲ, ಹುಣಸೆ ಮರ, ಬೋಳು ಬಂಡೆಯ ಬೆಟ್ಟ, ಬತ್ತಿದ ಕೊಳವೆ ಬಾವಿಗಳು ಕಣ್ಣಮುಂದೆ ಬರುತ್ತವೆ. ಇಲ್ಲಿ ಗಾಳ ಹಾಕುವ ಮಾತೆತ್ತಿದರೆ ನಗುವವರೇ ಹೆಚ್ಚು. ವರ್ಷಕ್ಕೆ 60 ಸೆಂ.ಮೀ. ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಮೀನೆಲ್ಲಿಂದ ಬರಬೇಕು? ಆದರೆ ಹಿಂದಿನವರು ಹಳ್ಳಕ್ಕೆ ಹಳ್ಳ ಸೇರುವಲ್ಲೆಲ್ಲ ಏರಿ ಕಟ್ಟಿ ಹೋಗಿದ್ದಾರೆ. 2022ರಲ್ಲಿ ಮಳೆ ಸುರಿದಾಗ ಅವುಗಳಲ್ಲಿ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಬಾಗಿನ ಬಿಟ್ಟು ಬಂದ ಹೆಂಗಸರ ಹಿಂದೆಯೇ ಗಾಳದ ಕೋಲು ಹಿಡಿದ ಹುಡುಗರೂ ಏರಿ ಹತ್ತಿದರು.

ಈ ಸೀಮೆಯ ನೀರಿನ ದಾರಿಯೇ ಒಂದು ಪಾಠ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ ತಾಲ್ಲೂಕಿಗೆ ಇಳಿದು, ಗೊರವನಹಳ್ಳಿಯ ಬಳಿ ತೀತಾ ಜಲಾಶಯದಲ್ಲಿ ನಿಂತು, ಮಧುಗಿರಿ ತಾಲ್ಲೂಕನ್ನು ಹಾದು ಆಂಧ್ರದ ಗಡಿ ದಾಟುತ್ತದೆ. ಅಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ಮತ್ತೆ ಕರ್ನಾಟಕಕ್ಕೆ ಬಂದು ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಮುಂದೆ ಹರಿಯುತ್ತದೆ. ಕೊರಟಗೆರೆಯ ಹನಿ ಪಾವಗಡಕ್ಕೆ ಹೋಗಬೇಕಾದರೆ ಪಕ್ಕದ ರಾಜ್ಯವನ್ನು ಸುತ್ತಿ ಬರಬೇಕು! ಶಿರಾದ ನೀರಿನದು ಬೇರೆಯೇ ದಾರಿ: ಅದು ವೇದಾವತಿಯ ಕಡೆಗೆ.

ಈ ಕೆರೆಗಳ ನಿಜವಾದ ಯಜಮಾನ ಕೊರಮೀನು. ಕೆಲವು ಊರುಗಳಲ್ಲಿ ಇದನ್ನು ಕುಚ್ಚು ಎನ್ನುತ್ತಾರೆ. ಹಾವಿನಂಥ ತಲೆ, ಉದ್ದನೆಯ ಉರುಳು ಮೈ, ಬಾಯಿ ತುಂಬ ಹಲ್ಲು. ಕಾಟ್ಲಾ, ರೋಹು ಮರಿಗಳನ್ನು ಗುತ್ತಿಗೆದಾರರು ಕೆರೆಗೆ ತಂದು ಬಿಡಬೇಕು; ಕೊರಮೀನಿಗೆ ಯಾರ ಉಪಕಾರವೂ ಬೇಕಿಲ್ಲ. ಕಿವಿರಿನ ಮೇಲ್ಗಡೆ ಇದಕ್ಕೆ ಗಾಳಿಯಿಂದಲೇ ಆಮ್ಲಜನಕ ಹೀರುವ ಅಂಗವಿದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದಿದ್ದರೆ ಇದು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಸಂತೆಯ ಬೋಗುಣಿಯಲ್ಲಿ ನಾಲ್ಕು ಬೊಗಸೆ ನೀರಿನಲ್ಲಿ ಜೀವಂತವಾಗಿ ಮಾರಾಟವಾಗುವ ಗುಟ್ಟೂ ಇದೇ. ಕೆರೆ ಬತ್ತುತ್ತಾ ಬಂದಾಗ ಹಸಿ ಕೆಸರಿನಲ್ಲಿ ಹುದುಗಿ ತಿಂಗಳುಗಟ್ಟಲೆ ಕಾಯುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ಅದರ ಆಟ ನಡೆಯದು. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದಾಗ ಕಾಣುವ ಮೀನು ಮೋಡದಿಂದ ಉದುರಿದ್ದಲ್ಲ. ಎಲ್ಲೋ ಉಳಿದ ಮಡುವಿನಿಂದ ಹಳ್ಳ, ಕೋಡಿಗಳ ಹಾದಿಯಲ್ಲಿ ಬಂದದ್ದು.

ಯೂರೋಪು, ಅಮೆರಿಕದ ಸರೋವರಗಳಲ್ಲಿ ಇಂಥದ್ದೇ ಸ್ವಭಾವದ ಪೈಕ್ ಎಂಬ ಮೀನಿದೆ. ಕೊರಮೀನಿಗೆ ಅದು ನೆಂಟನಲ್ಲ, ಆದರೆ ಬೇಟೆಯ ಕ್ರಮ ಒಂದೇ: ಜೊಂಡಿನ ಮರೆಯಲ್ಲಿ ಅಲುಗದೆ ನಿಂತು, ಹತ್ತಿರ ಬಂದದ್ದರ ಮೇಲೆ ಬಾಣದಂತೆ ಎರಗುವುದು. ಪೈಕ್ ಹಿಡಿಯಲು ಅಲ್ಲಿಯವರು ದೋಣಿಯ ಹಿಂದೆ ಲೋಹದ ಚಮಚವನ್ನು ದಾರದಲ್ಲಿ ಎಳೆದುಕೊಂಡು ಹೋಗುತ್ತಾರೆ. ಊಟದ ಚಮಚ ಸರೋವರಕ್ಕೆ ಬಿದ್ದು, ಅದನ್ನು ಮೀನು ನುಂಗಿದ್ದನ್ನು ಕಂಡು ಜೂಲಿಯೊ ಬ್ಯುಯಲ್ ಎಂಬ ಅಮೆರಿಕದವನಿಗೆ ಇದು ಹೊಳೆಯಿತೆಂದು ಕಥೆ ಇದೆ. ಕಥೆ ಹೇಗಾದರೂ ಇರಲಿ, 1852ರಲ್ಲಿ ಅವನು ಪೇಟೆಂಟ್ ಪಡೆದದ್ದು ನಿಜ. ನಮ್ಮ ಕಡೆಗೂ ಇದು ಹೊಸದಲ್ಲ. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1887ರಲ್ಲಿ ಕೆರೆಗಳ ಗಾಳಕ್ಕೆಂದೇ ಆತ ಇನ್ನೊಂದು ಪುಸ್ತಕ ಬರೆದ.

ಚಮಚಕ್ಕೆ ಮೀನು ಮೋಸಹೋಗುವುದೇಕೆ? ಒಂದು ಮಗ್ಗುಲು ಉಬ್ಬಿ ಇನ್ನೊಂದು ತಗ್ಗಿರುವ ತಗಡನ್ನು ನೀರಿನಲ್ಲಿ ಎಳೆದರೆ ಅದರ ಹಿಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳು ಏಳುತ್ತವೆ. ಆ ಸುಳಿಗಳ ಎಳೆತಕ್ಕೆ ತಗಡು ಗಾಯಗೊಂಡ ಮೀನಿನಂತೆ ಓಲಾಡುತ್ತದೆ. ಮನೆಯ ಸ್ಟೀಲ್ ಚಮಚದ ಹಿಡಿ ತೆಗೆದು, ದಾರ ಕಟ್ಟಿ ನೀರಿನ ತೊಟ್ಟಿಯಲ್ಲಿ ಎಳೆದು ನೋಡಿದರೆ ಮಕ್ಕಳಿಗೇ ತಿಳಿಯುತ್ತದೆ. (ಹೊಸ ಚಮಚ ಬೇಡ, ಅಮ್ಮಂದಿರ ಕೈಯಲ್ಲಿ ಉತ್ತರ ಹೇಳುವುದು ಕಷ್ಟ.) ಓಲಾಟದ ಕಂಪನವನ್ನು ಮೀನು ತನ್ನ ಮೈಯುದ್ದಕ್ಕಿರುವ ಪಾರ್ಶ್ವರೇಖೆಯಿಂದ ಗ್ರಹಿಸುತ್ತದೆ. ಕೆಮ್ಮಣ್ಣು ಕದಡಿದ ನಮ್ಮ ಕೆರೆಗಳಲ್ಲಿ ಹೊಳಪಿಗಿಂತ ಈ ಕಂಪನವೇ ಮುಖ್ಯ. ಅಂಥ ನೀರಿಗೆ ತಾಮ್ರ, ಹಿತ್ತಾಳೆಯ ಬಣ್ಣ. ತಿಳಿನೀರಿಗೆ ಬೆಳ್ಳಿಯ ಬಣ್ಣ.

ಸಲಕರಣೆಯ ವಿಷಯದಲ್ಲಿ ಪುಸ್ತಕ ನೋಡಿ ಕೊಂಡವರು ಎಡವುತ್ತಾರೆ. ಪೈಕಿನ ಹಲ್ಲು ದಾರವನ್ನು ಕತ್ತರಿಸುವುದರಿಂದ ಚಮಚದ ಹಿಂದೆ ಗೇಣುದ್ದದ ಉಕ್ಕಿನ ತಂತಿ ಬೇಕೇ ಬೇಕು. ಕೊರಮೀನಿಗೆ ಅದು ದಂಡ. ಒಂದು ಮೊಳ ದಪ್ಪ ನೈಲಾನ್ ಸಾಕು. ಆದರೆ ಸ್ವಿವೆಲ್ ಎಂಬ ತಿರುಗುವ ಕೊಂಡಿಯನ್ನು ಬಿಡುವಂತಿಲ್ಲ. ಅದಿಲ್ಲದಿದ್ದರೆ ಚಮಚ ಸುತ್ತಿದಷ್ಟೂ ದಾರ ಹುರಿಗೊಂಡು ಕೊನೆಗೆ ಕಾಗೆಗೂಡಾಗುತ್ತದೆ. ಏಳು ಅಡಿಯ ಗಟ್ಟಿ ಕೋಲು, 12 ಕಿಲೋ ತಡೆಯುವ ಹೆಣೆದ ದಾರ, 15 ಗ್ರಾಂ ಆಸುಪಾಸಿನ ಚಮಚ, ಮೂರು ಮುಳ್ಳಿನ ಬದಲು ಒಂದೇ ಮುಳ್ಳು, ಅದರ ಮುಂದೆ ಜೊಂಡು ಸಿಕ್ಕದಂತೆ ಸಣ್ಣ ತಂತಿಯ ಕಾವಲು. ರೀಲಿನ ಬಿಗಿಯನ್ನು ದಾರದ ಬಲದ ಕಾಲು ಭಾಗಕ್ಕೆ ಇಡಬೇಕು, ಅಂದರೆ 3 ಕಿಲೋ ಎಳೆತಕ್ಕೆ ದಾರ ಬಿಚ್ಚಿಕೊಳ್ಳಬೇಕು. ಇದನ್ನು ಶಾಲೆಯ ಸ್ಪ್ರಿಂಗ್ ತಕ್ಕಡಿಯಲ್ಲೇ ಅಳೆಯಬಹುದು.

ಎಳೆಯಲು ದೋಣಿ ಎಲ್ಲಿ? ಹರಿಗೋಲು ಒಂದೇ ಕಡೆ ಹುಟ್ಟು ಹಾಕಿದರೆ ಗಿರಗಿರನೆ ತಿರುಗುತ್ತದೆ, ಎರಡು ದಾರ ಬಿಟ್ಟರೆ ಜಡೆಯಾಗುವುದು ಖಂಡಿತ. ಮಧುಗಿರಿಯ ಬೆಟ್ಟದ ನೆರಳಿನ ಬಿಜವರದಂಥ ಊರಿನ ಕೆರೆಗೆ ಸುಲಭದ ಉಪಾಯ ಬೇರೆ ಇದೆ: ಚಮಚವನ್ನು ಹತ್ತು ಹದಿನೈದು ಮೀಟರು ನೀರಿಗೆ ಬಿಟ್ಟು ಏರಿಯ ಮೇಲೆಯೇ ನಿಧಾನವಾಗಿ ನಡೆಯುವುದು. ಏರಿಯ ಕಲ್ಲುಕಟ್ಟಣೆಯ ಅಂಚೇ ಕೊರಮೀನು ಕಾಯುವ ಜಾಗ. ತೂಬಿನ ಬಳಿ, ಹೂಳೆತ್ತಿದ ಗುಂಡಿಗಳ ಬಳಿ ಮಾತ್ರ ನೀರಿಗಿಳಿಯಕೂಡದು. ಮೊಣಕಾಲು ಮಟ್ಟದ ನೀರು ಮುಂದಿನ ಹೆಜ್ಜೆಗೆ ಎರಡಾಳು ಆಗಿರುತ್ತದೆ. ಈಜು ಬಂದರೂ ಕೆಸರು ಬಿಡುವುದಿಲ್ಲ. ದೊಡ್ಡವರಿಲ್ಲದೆ ಮಕ್ಕಳು ಹೋಗಲೇಬಾರದು. ಮೀನಿನ ಹಕ್ಕು ಗುತ್ತಿಗೆಯಾಗಿರುವ ಕೆರೆಯಲ್ಲಿ ಗುತ್ತಿಗೆದಾರರನ್ನು ಕೇಳದೆ ಕೋಲು ಬಿಚ್ಚುವುದೂ ಸಲ್ಲ.

ಹೇಮಾವತಿ ಕಾಲುವೆಯ ನೀರು ಕಾಣುವ ಕಳ್ಳಂಬೆಳ್ಳ ಮತ್ತು ಶಿರಾದ ಕೆರೆಗಳು ಉಳಿದವುಗಳಿಗಿಂತ ಭಾಗ್ಯವಂತರು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಆ ಹಕ್ಕಿಗಳೂ ಸುತ್ತಲಿನ ಕೆರೆಗಳ ಗಿರಾಕಿಗಳೇ. ಗಾಳದವನು ಸಿಕ್ಕಾದ ದಾರವನ್ನು ಕತ್ತರಿಸಿ ದಡದಲ್ಲೇ ಎಸೆದರೆ ಅದು ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಕೊಳೆಯುವ ವಸ್ತುವಲ್ಲ. ಮನೆಗೆ ತಂದು ಚೂರು ಮಾಡಿ ಕಸಕ್ಕೆ ಹಾಕುವುದಕ್ಕೆ ಐದು ನಿಮಿಷವೂ ಬೇಡ.

ಪಾವಗಡದ ದಾರಿಯಲ್ಲಿ ನೀರಿಗಿಂತ ಹೊಳಪು ಹೆಚ್ಚು. ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಸೌರ ಫಲಕಗಳು ಹರಡಿವೆ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ದೂರದಿಂದ ತುಂಬಿದ ಕೆರೆಯೇ ಎಂದು ಭ್ರಮೆಯಾಗುತ್ತದೆ. ನಿಜವಾದ ಕೆರೆ ಇಲ್ಲಿ ಯಾವಾಗಲೋ ಒಮ್ಮೆ ತುಂಬುವಂಥದ್ದು. ಆದ್ದರಿಂದಲೇ ಇಲ್ಲಿ ಉಳಿದ ಒಂದು ಜೋಡಿ ಕೊರಮೀನಿನ ಬೆಲೆ ಬೇರೆ.

ಮಳೆಗಾಲದಲ್ಲಿ ಜೊಂಡಿನ ಪಕ್ಕ ನೀರು ಕುದಿಯುತ್ತಿರುವಂತೆ ಕಂಡರೆ, ಅಲ್ಲಿ ಕೆಂಪಗೆ ನೂರಾರು ಮರಿಗಳ ಉಂಡೆ ಇರುತ್ತದೆ. ಮರಿಗಳು ಗಾಳಿಗಾಗಿ ಮೇಲೆ ಬರುವುದರಿಂದ ನೀರು ಹಾಗೆ ಮಿಸುಕುತ್ತದೆ. ಕೆಳಗೆ ತಂದೆಯೋ ತಾಯಿಯೋ ಇಬ್ಬರೂ ಸೇರಿಯೋ ಕಾವಲಿರುತ್ತಾರೆ. ಆಗ ಚಮಚ ಎಸೆದರೆ ಮೊದಲ ಎಸೆತಕ್ಕೇ ಮೀನು ಬೀಳುತ್ತದೆ, ಏಕೆಂದರೆ ಅದು ಹಸಿವಿಗಾಗಿ ಕಚ್ಚುವುದಿಲ್ಲ, ಮರಿಗಳ ಹತ್ತಿರ ಬಂದದ್ದನ್ನು ಓಡಿಸಲು ಕಚ್ಚುತ್ತದೆ. ಗಾಳದಲ್ಲಿ ಪಳಗಿದವರೂ ಇದನ್ನು ಜಾಣತನವೆಂದು ಹೇಳಿಕೊಳ್ಳುವುದುಂಟು. ಅದರಲ್ಲಿ ಜಾಣತನ ಏನೂ ಇಲ್ಲ. ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತವೆ. ಮುದ್ದೆಗೆ ಒಂದು ಹೊತ್ತಿನ ಸಾರಾಯಿತು, ಕೆರೆಯ ಮುಂದಿನ ಸಂತಾನ ಹೋಯಿತು.

ಉಂಡೆ ಕಂಡ ಮೂಲೆಯನ್ನು ಬಿಟ್ಟು ಏರಿಯ ಇನ್ನೊಂದು ತುದಿಗೆ ನಡೆಯಬೇಕು. ಮರಿಗಳು ಒಂದು ತಿಂಗಳ ಆಸುಪಾಸಿನಲ್ಲಿ ಕೆಂಪು ಬಣ್ಣ ಕಳೆದುಕೊಂಡು ಕಪ್ಪಗಾಗಿ, ಗುಂಪು ಒಡೆದು ಜೊಂಡಿನೊಳಗೆ ಚದುರುತ್ತವೆ. ಅಷ್ಟರಲ್ಲಿ ನೀರೂ ತಿಳಿಯಾಗಿರುತ್ತದೆ. ತಾಮ್ರದ ಚಮಚವನ್ನು ಪೆಟ್ಟಿಗೆಗೆ ಹಾಕಿ ಬೆಳ್ಳಿಯದನ್ನು ಹೊರತೆಗೆಯಬಹುದು.